ಹದಿನಾಲ್ಕನೆಯ ಕಾಲಂ

ನಮೂನೆ ಮಲಯಾಳದಲ್ಲಿತ್ತು. ಓದಿ ಹೇಳಿದವಳು
ಆಸ್ಯಮ್ಮನ ಮೊಮ್ಮಗಳು, ಹತ್ತನೇ ಕ್ಲಾಸಿನವಳು,
ನಡುನಡುವೆ ತುಳುವಿಗೆ ಜಾರಿ, ಮತ್ತೆ ಕನ್ನಡಕ್ಕೆ ಹತ್ತಿ.
ಹದಿನಾಲ್ಕನೆಯ ಕಾಲಂ: ಐನೂರು ಮೀಟರಿನೊಳಗೆ
ಬಾವಿ? ಇಲ್ಲ. ಕೊಳವೆಬಾವಿ? ಇಲ್ಲ.
ಹೊಳೆ, ತೋಡು, ಕೆರೆ? ಇಲ್ಲ, ಇಲ್ಲ, ಇಲ್ಲ.
ಐದು ಇಲ್ಲಗಳ ಕೆಳಗೆ ಒಂದು ದುಂಡು ಮೊಹರು.

ಸುಳ್ಳಲ್ಲ ಅದು. ಕಷ್ಟ ಇರುವುದೇ ಅಲ್ಲಿ.
ನೆಕ್ಕರೆಪದವಿನಲ್ಲಿ ಬಾವಿ ಇಲ್ಲ, ನಿಜ.
ಮುರಕಲ್ಲಿನ ಬೋಳು ನೆತ್ತಿ, ಮಾರ್ಚಿಯಲ್ಲಿ ಅಂಗಾಲು ಸುಡುತ್ತದೆ,
ಜಲ್ಲಿಯವರು ಬಂದು ಕಾಲಿನಿಂದ ತಟ್ಟಿ ನೋಡಿದರು
ಸಂತೆಯಲ್ಲಿ ಹಲಸು ತಟ್ಟುವ ಹಾಗೆ.
ಮೇಲೆ ಮುರ, ಅಡಿಯಲ್ಲಿ ಕರಿಗಲ್ಲು,
ಅವರಿಗೆ ಬೇಕಾದದ್ದು ಅಡಿಯದ್ದು.

ನಮಗೂ ಅಡಿಯದ್ದೇ ಬೇಕು.
ಮುರದ ತೂತುಗಳಲ್ಲಿ ಇಳಿದ ಆಟಿ ತಿಂಗಳ ಮಳೆ
ಕರಿಗಲ್ಲಿಗೆ ಬೆನ್ನು ತಾಗಿಸಿ ನಿಲ್ಲುತ್ತದೆ,
ಎತ್ತ ಹೋಗಲಿ ಎಂದು ಕೇಳುತ್ತದೆ.
ಅಪ್ಪ ಕೊರೆದದ್ದು ಆ ಪ್ರಶ್ನೆಗೆ ಉತ್ತರ.
ಬಾವಿ ನಿಂತ ನೀರು, ಸುರಂಗ ಮಲಗಿದ ನೀರು.
ಮಲಗಿದ್ದನ್ನು ಯಾರೂ ಎಣಿಸಲಿಲ್ಲ.

ಹನ್ನೊಂದು ಸುರಂಗ ತೋಡಿದ ಐತ್ತ ನಾಯ್ಕನ ಮಗಳು ನಾನು,
ಬಾಗಿಲಲ್ಲಿ ಕುಳಿತು ಮಣ್ಣಿನ ಬುಟ್ಟಿ ಎಳೆದವಳು.
ಒಳಗೆ ಅಪ್ಪ, ಒಂದು ಪಿಕ್ಕಾಸು, ಒಂದು ಮೊಂಬತ್ತಿ.
ಜ್ವಾಲೆ ಕುಗ್ಗಿದರೆ ಗಾಳಿ ಮುಗಿಯಿತು ಎಂದು,
ಹಿಂದೆ ಹಿಂದೆ ತೆವಳಿ ಹೊರಗೆ ಬರುವನು.
ಪಿಕ್ಕಾಸಿನ ಮೂತಿಯ ಮಣ್ಣನ್ನು ಕೆನ್ನೆಗೆ ಉಜ್ಜಿ
ಇನ್ನು ಎರಡು ಕೋಲು, ಅನ್ನುವನು.
ಒಮ್ಮೆ ಮೂರಾಯಿತು. ಅದನ್ನು ಈಗಲೂ ಹೇಳಿ ನಾಚುತ್ತಾನೆ.

ಹಿಯರಿಂಗಿಗೆ ಬಾ ಎಂದರೆ ಬರಲಿಲ್ಲ.
ನೀರು ಸಾಕ್ಷಿ ಹೇಳಲು ಕಚೇರಿಗೆ ಹೋದದ್ದುಂಟಾ?
ಕಚೇರಿಯೇ ಬಗ್ಗಿ ಒಳಗೆ ಬರಲಿ, ಅಂದ.

ಬಂದರು, ಸುಗುಣನ್ ಸಾರ್. ಎತ್ತರದ ಮನುಷ್ಯ.
ಶೂ ಕಳಚಿ, ಪ್ಯಾಂಟು ಮಡಚಿ, ಸೊಂಟ ಮುರಿದು ನಡೆದರು.
ಬಾವಲಿಯೊಂದು ತಲೆ ಸವರಿ ಹೋಯಿತು.
ಮೂವತ್ತು ಕೋಲು ಒಳಗೆ ಅವರ ಕೈಯ ಯಂತ್ರ
ನಾವು ಎಲ್ಲಿಯೂ ಇಲ್ಲ ಎಂದು ತೋರಿಸಿತು.
ಆಗ ನಾನು ಮೊಂಬತ್ತಿ ಊದಿದೆ.

ಮೊದಲು ಅವರ ಉಸಿರು ಕೇಳಿತು. ಆಮೇಲೆ ನನ್ನದು.
ಬಹಳ ಹೊತ್ತಿನ ಮೇಲೆ ಮೂರನೆಯದು:
ಟಪ್.
ಟಪ್.
ಅವರು ಮಲಯಾಳದಲ್ಲಿ ಎಣಿಸಿದರು, ನಾನು ತುಳುವಿನಲ್ಲಿ,
ಒಂಜಿ, ರಡ್ಡ್, ಮೂಜಿ.
ನಲ್ವತ್ತೊಂದರಲ್ಲಿ ನಮ್ಮಿಬ್ಬರ ಲೆಕ್ಕ ತಾಳೆಯಾಯಿತು.

ಹೊರಗೆ ಬಂದು ಕೇಳಿದರು, ಇದರ ಮಾಲೀಕರು ಯಾರು?
ಬಾಯಿ ಆಸ್ಯಮ್ಮನ ಹಿತ್ತಿಲಲ್ಲಿ,
ನಡು ಭಟ್ಟರ ಗೇರುತೋಟದ ಕೆಳಗೆ,
ಬಾಲ ಪದವಿನಡಿ, ಅವರು ಲೀಸಿಗೆ ಕೇಳಿದ ಜಾಗದಲ್ಲಿ.
ಕುಡಿಯುವವರು ಇನ್ನೂ ಕೆಳಗೆ, ಕಾಲನಿಯ ಹದಿನೇಳು ಮನೆ.
ಸರ್ವೆ ನಂಬರು ಮೇಲಿನಿಂದ ಗೆರೆ ಎಳೆಯುತ್ತದೆ ಸಾರ್,
ಒಳಗೆ ಬಂದು ನೋಡಿದ್ದೀರಲ್ಲ, ಬೇಲಿ ಕಂಡಿತಾ?

ಒಂದು ತೋಟೆ ಸಿಡಿದರೆ ಕರಿಗಲ್ಲು ಬಿರಿಯುತ್ತದೆ,
ನೀರು ಕೋಪಿಸುವುದಿಲ್ಲ, ಕೂಗುವುದಿಲ್ಲ,
ಬಿರುಕಿನಲ್ಲಿ ಇನ್ನಷ್ಟು ಕೆಳಗೆ ಹೋಗಿ ಮಲಗುತ್ತದೆ.
ಅಷ್ಟು ಕೆಳಗೆ ಅಪ್ಪನ ಕೈ ಎಟಕುವುದಿಲ್ಲ.

ಅವರು ಪೆನ್ನು ತೆಗೆದರು. ತುರಂಗಂ ಎಂದು ಬರೆದು
ತಲೆ ಆಡಿಸಿ ಹೊಡೆದುಹಾಕಿದರು. ಅದು ರೈಲಿನದು.
ನೀವು ಏನನ್ನುತ್ತೀರಿ?
ಸುರಂಗ, ಅಂದೆ. ಅಕ್ಷರ ಅಕ್ಷರ ಬಿಡಿಸಿ ಹೇಳಿದೆ.
ಹದಿನಾಲ್ಕನೆಯ ಕಾಲಮಿನಲ್ಲಿ ಜಾಗ ಇರಲಿಲ್ಲ,
ಅಂಚಿನಲ್ಲಿ ಅಡ್ಡಲಾಗಿ ಬರೆದರು,
ಆ ಶಬ್ದವೂ ಮಲಗಿತು.

ಸಭೆ ಮುಂದಕ್ಕೆ ಹೋಗಿದೆ, ತಾರೀಕು ಬಂದಿಲ್ಲ.
ಲಾರಿಗೆಂದು ಕಡಿದ ರಸ್ತೆಯಲ್ಲಿ ಹುಲ್ಲು ಬಂದಿದೆ.
ಕೆಂಪು ಪಟ್ಟಿ ಸುತ್ತಿದ ಗೂಟ ಇನ್ನೂ ಅಲ್ಲೇ ಉಂಟು,
ಆಸ್ಯಮ್ಮ ಅದಕ್ಕೆ ಆಡು ಕಟ್ಟುತ್ತಾಳೆ.
ದಂಬೆಯ ತುದಿಯಲ್ಲಿ ಕೊಡ ತುಂಬಲು ಮುಕ್ಕಾಲು ಗಂಟೆ,
ಕಳೆದ ವರ್ಷವೂ ಅಷ್ಟೇ ಹಿಡಿದಿತ್ತು.
ದಿನಾ ನೋಡಿ ಬರೆದಿಡುತ್ತಿದ್ದೇನೆ.