ಮಗುಚಿಟ್ಟ ನೀರು

ವಾದಿ ಕಬೀರಿನ ಶೆಡ್ಡಿನಲ್ಲಿ ನಾವು
ಚಿತ್ರವನ್ನು ಮಗುಚಿ ಜೋಡಿಸುತ್ತೇವೆ.
ಹೊಳಪಿನ ಮುಖ ಕೆಳಗೆ, ಕಾಗದಕ್ಕೆ, ಮೈದಾ ಅಂಟಿಗೆ.
ಮೇಲೆ ಕಾಣುವುದು ಬರೀ ಬೆನ್ನು,
ಬಿಸ್ಕತ್ತಿನ ಬಣ್ಣ, ಕಾರ್ಖಾನೆಯ ಗೀರು.
ಎರಡು ತಿಂಗಳು ಬೆನ್ನುಗಳ ಜೊತೆ ಕೂತು
ಮುಖ ಹೇಗಿತ್ತೆಂದು ಮರೆಯದಿರುವುದೇ ಕಸುಬು.

ಇಸಿದೋರ್ ಮೇಸ್ತ್ರಿ ಹೇಳಿಕೊಟ್ಟದ್ದು ಇಷ್ಟು:
ಇಕ್ಕಳವನ್ನು ಟೈಲಿನ ಅಂಚಿಗೆ ಮಾತ್ರ ತಾಗಿಸು,
ನಡುವಿಗೆ ಹೋಗಬೇಡ.
ಬಿರುಕಿಗೆ ತನ್ನ ದಾರಿ ಗೊತ್ತು,
ನೀನು ಬಾಗಿಲು ತೋರಿಸಿದರೆ ಸಾಕು.
ಮತ್ತೆ, ಚೂರು ಹಾರುವಾಗ ಬಾಯಿ ಮುಚ್ಚಿಕೋ.
ಕೊನೆಯದನ್ನು ಅವರೇ ಪಾಲಿಸಿದವರಲ್ಲ.

ಈ ಸಲದ ಕೆಲಸ ಮತ್ರಾದಲ್ಲಿ,
ಮೀನು ಮಾರುಕಟ್ಟೆಯ ಹಿಂದಿನ ಓಣಿ,
ದಾರಿಹೋಕರಿಗೆ ತಣ್ಣೀರು ಕೊಡುವ ನಲ್ಲಿಯ ಗೋಡೆ.
ಖಲ್ಫಾನ್ ತಾಯಿಯ ಹೆಸರಲ್ಲಿ ಕಟ್ಟಿಸುತ್ತಿರುವುದು.
ಹೂವು ಬೇಡ, ಬಳ್ಳಿ ಬೇಡ ಎಂದ.
ಒಂದೇ ಪದ, ನೀರು. ಸುತ್ತ ನೀಲಿ.
ಯಾವ ನೀಲಿ? ಎಂದೆ.
ಬೆಳಗಿನ ಆರಕ್ಕೇ ಕರೆದೊಯ್ದು
ಐಸಿನ ಮೇಲೆ ಮಲಗಿದ್ದ ಅಂಜಲಿನ ಬೆನ್ನು ತೋರಿಸಿದ.
ಅದು ನೀಲಿಯೇ ಅಲ್ಲ.
ಬೂದು, ಸೀಸ, ಒಂದು ಗೆರೆ ಹಸಿರು,
ನೊಣ ಕೂತೆದ್ದಾಗ ಒಂದು ಕ್ಷಣ ನೇರಳೆ.
ಅಮ್ಮ ಹೊಸಿಲಲ್ಲಿ ಮೀನು ತೊಳೆಯುತ್ತಿದ್ದಳು, ಎಂದ,
ಅಷ್ಟು ಹೊತ್ತು ಮಾತ್ರ ಅವಳು ಕೂತದ್ದು ಕಂಡಿದ್ದೇನೆ.

ಹಾಗಾಗಿ ಹನ್ನೊಂದು ಡಬ್ಬಿ ಸುರುವಿಕೊಂಡು ಹೆಕ್ಕಿದೆ.
ರೂವಿಯ ಗುಜರಿಯ ಈಜುಕೊಳದ ಟೈಲು,
ಕೆಡವಿದ ಹೋಟೆಲಿನ ಬಚ್ಚಲಿನ ಹಸಿರು,
ನಮ್ಮ ಕೋಣೆಯ ತಿಲಕರತ್ನ ಫೋನಿಟ್ಟ ಸಿಟ್ಟಲ್ಲಿ ಎಸೆದ ಬಸಿ.
ಅದರಲ್ಲಿನ್ನೂ ಚಹಾದ ಉಂಗುರ.

ಪದ ಮಾತ್ರ ನನಗೆ ಓದಲು ಬಾರದು.
ಖಲ್ಫಾನ್ ಬರೆದುಕೊಟ್ಟ, ಬಲದಿಂದ ಎಡಕ್ಕೆ ಹರಿಯುವ ಲಿಪಿ.
ಮಗುಚಿದ ಕಾಗದದಲ್ಲಿ ಅದು
ಎಡದಿಂದ ಬಲಕ್ಕೆ ಹೊರಟಿತು,
ನನ್ನ ಕಾಗುಣಿತದ ಹಾಗೆ.
ಒಂದು ದುಂಡು, ಒಂದು ಕಂಬ,
ಕೊನೆಗೊಂದು ಒಂಟಿ ಕೊಕ್ಕೆ,
ಅಕ್ಷರವೋ, ಗಂಟಲಲ್ಲಿ ನಿಂತ ಉಸಿರೋ.
ಆ ಕೊಕ್ಕೆಗೆ ಬಸಿಯ ಚೂರು ಇಟ್ಟೆ.
ಎರಡೂ ಕಡೆ ಹೊಳೆಯುವುದು ಅದೊಂದೇ,
ಯಾವುದು ಮುಖವೆಂದು ಒಂದಿಡೀ ಸಂಜೆ ಯೋಚಿಸಿದೆ.

ಹಚ್ಚಿದ್ದು ರಾತ್ರಿ. ಹಗಲಿನ ಬಿಸಿಗೆ ಸಿಮೆಂಟು
ನಮ್ಮ ಕೈಗಿಂತ ಮೊದಲೇ ಗಟ್ಟಿಯಾಗಿಬಿಡುತ್ತದೆ.
ಸ್ಪಂಜಿನಿಂದ ಕಾಗದ ನೆನೆಸಿ, ಮೂಲೆ ಹಿಡಿದು,
ಗಾಯದ ಪಟ್ಟಿ ಬಿಚ್ಚುವ ಹಾಗೆ ಎಳೆದೆ.
ಪದ ಖಲ್ಫಾನನ ಕಡೆ ತಿರುಗಿ ನಿಂತಿತು.
ನನ್ನ ಕೈ ಬಿಟ್ಟಿತು.

ಬೆಳಗಾಗುವಾಗ ಸಂದಿಗೆ ತುಂಬಿದ್ದು ಒಣಗಿ
ಇಡೀ ಗೋಡೆಗೆ ಬೂದಿಯ ಪೊರೆ.
ಇದೇನಾ ನಿನ್ನ ಅಂಜಲು? ಕುರ್ಚಿಯಿಂದಲೇ ಮೇಸ್ತ್ರಿ.
ನಾನು ಬಟ್ಟೆ ಹುಡುಕುತ್ತಿದ್ದೆ.
ಅಷ್ಟರಲ್ಲಿ ಕೈಗಾಡಿಯವನೊಬ್ಬ ಗಾಡಿ ನಿಲ್ಲಿಸಿ, ಬಾಗಿ,
ಬೊಗಸೆಯಲ್ಲಿ ಕುಡಿದು,
ಏಳುವಾಗ ಒದ್ದೆ ಅಂಗೈಯನ್ನು ಗೋಡೆಗೆ ಊರಿದ.
ಪದ ಓದಲಿಲ್ಲ. ಹೊರಟ.

ಅಂಗೈಯಷ್ಟು ಜಾಗದಲ್ಲಿ
ಸೀಸ, ಒಂದು ಗೆರೆ ಹಸಿರು,
ಕೊಕ್ಕೆಯೊಳಗೆ ಚಹಾದ ಕಂದು,
ನೇರಳೆ ಕೂಡ,
ನೀರು ಆರುವವರೆಗೆ.