ಬಿಚ್ಚಾಣಿಕೆ

ಅಜ್ಜಿ ಇನ್ನಾಸಮ್ಮ ಅದನ್ನು ಪಾಪಸಂಕೀರ್ತನೆ ಅನ್ನುತ್ತಿದ್ದಳು.
ಕೀರ್ತನೆ ಅಂದರೆ ಹಾಡಲ್ಲವಾ, ಪಾಪವನ್ನೂ ಹಾಡ್ತಾರಾ ಅಂತ ಕೇಳಿದ್ದಕ್ಕೆ
ತಲೆಗೆ ಎಣ್ಣೆ ತಟ್ಟುತ್ತಿದ್ದ ಕೈಯಲ್ಲೇ ಒಂದು ಬಿಟ್ಟಳು:
"ನೀನು ಹಾಡಬೇಡ. ಗುನುಗಿದರೆ ಸಾಕು,
ಸ್ವಾಮಿಗಳಿಗೆ ರಾಗ ತಿಳಿಯುತ್ತೆ."

ಜ್ಞಾನೋಪದೇಶದ ಪುಸ್ತಕದಲ್ಲಿ ಪಾಪನಿವೇದನೆ.
ಒಂಬತ್ತು ವರ್ಷದವಳಿಗೆ ಗೊತ್ತಿದ್ದ ನಿವೇದನೆ ಒಂದೇ,
ಪಕ್ಕದ ಮನೆ ವೆಂಕಟಲಕ್ಷ್ಮಮ್ಮ
ಬಾಳೆಲೆಯ ತುದಿಯಲ್ಲಿ ದೇವರ ಮುಂದಿಡುವ ಹುಗ್ಗಿ.
ನಾನೂ ಇಟ್ಟೆ:
ಕದ್ದ ಬೆಲ್ಲ, ತಮ್ಮನಿಗೆ ಕೊಟ್ಟ ಗುದ್ದು, ಪೂಜೆಯ ನಡುವೆ ನಿದ್ದೆ.
ಹಬೆಯಾಡುತ್ತಿತ್ತು ಇನ್ನೂ.

ಆಮೇಲೆ ಬಂದ ಸ್ವಾಮಿಗಳು ಸಂಧಾನ ಸಂಸ್ಕಾರ ಅನ್ನಿ ಅಂದರು.
ಸಂಧಾನ ನಾನು ನೋಡಿದ್ದೆ,
ದೊಡ್ಡಪ್ಪನ ಜಮೀನಿನದು, ಚಿಂತಾಮಣಿ ಕೋರ್ಟಿನ ಹೊರಗೆ:
ಎರಡೂ ಕಡೆಯವರು ಟೀ ಕುಡಿದರು,
ಯಾರೂ ಯಾರ ಮುಖ ನೋಡಲಿಲ್ಲ.

ಮಗಳು ಬರೀ ಕನ್ಫೆಶನ್ ಅನ್ನುತ್ತಾಳೆ,
ಸಾಲಿನಲ್ಲಿ ನಿಂತು ಉಗುರು ಕಚ್ಚುತ್ತ.

ನಾನು ಶಿಡ್ಲಘಟ್ಟದಲ್ಲಿ
ಇಪ್ಪತ್ತೆರಡು ವರ್ಷ ನೂಲು ಬಿಚ್ಚಿದವಳು.
ಕುದಿನೀರಿನಲ್ಲಿ ಗೂಡು ಕುಣಿಯುತ್ತವೆ.
ಮೇಲಿನ ಜೂಟು ಎಳೆದಷ್ಟೂ ಬರುತ್ತದೆ, ಅದು ಎಳೆಯಲ್ಲ, ಗೋಜಲು.
ಎಷ್ಟೋ ಜನ ಅದನ್ನೇ ಹೇಳಿ ಎದ್ದು ಬರುತ್ತಾರೆ:
ಸಿಟ್ಟು, ಸುಳ್ಳು, ಶುಕ್ರವಾರ ತಿಂದ ಮಾಂಸ.
ತುದಿ ಇರುವುದು ಒಂದೇ. ಅದು ಸಿಕ್ಕಿತೋ,
ಇಡೀ ಗೂಡು ತಾನಾಗಿ ತಿರುಗುತ್ತ ಬಿಚ್ಚಿಕೊಳ್ಳುತ್ತದೆ
ಒಳಗಿನ ಹುಳ ಕಾಣುವ ತನಕ.

ಆ ತಪಸ್ಸುಕಾಲ, ಜಾಲರಿಯ ಆಚೆ ಚೌರಪ್ಪ ಸ್ವಾಮಿ,
ಕೆಮ್ಮು, ನಶ್ಯದ ವಾಸನೆ.
ಆ ಮರದ ಪೆಟ್ಟಿಗೆಗೂ ನಾವು ಗೂಡು ಅಂತಲೇ ಅನ್ನುವುದು.
ಹನ್ನೊಂದು ತಿಂಗಳಾಯಿತು ಸ್ವಾಮಿ, ನಿವೇದನೆ ಮಾಡಿ.
ಸಿಟ್ಟು ಬಂದಿದೆ. ಸುಳ್ಳು ಹೇಳಿದ್ದೇನೆ.
ಅವರು ಸುಮ್ಮನಿದ್ದರು,
ಜೂಟು ಮುಗಿಯಲಿ ಎಂದು ಕಾಯುವ ಮೇಸ್ತ್ರಿಯ ಹಾಗೆ.
"ಬಾಯಿ ಬಿಚ್ಚಮ್ಮ."
ಬಿಚ್ಚಿದೆ.

ಸೊಂಟಕ್ಕೆ ಸುತ್ತಿ ತಂದ ಒಂದು ಲಡಿ.
ಕೆಲಸ ಹೋದದ್ದು ಪಕ್ಕದ ಬೇಸಿನ್ನಿನ ಮೆಹರಾಜಳದು.
ಸಾವ್ಕಾರರ ಮೇಜಿನ ಮೇಲೆ ಬರೆದಿಟ್ಟ ಕಾಗದ,
ತಲೆಬರಹ ತಪ್ಪೊಪ್ಪಿಗೆ ಪತ್ರ,
ಕೆಳಗೆ ಅವಳ ಹೆಬ್ಬೆಟ್ಟು. ಬಿಸಿನೀರಿಗೆ ಗೆರೆ ಸವೆದ ಬೆರಳು,
ಎರಡು ಸಲ ಒತ್ತಿಸಿದರು.
ತಪ್ಪು ನನ್ನದು, ಒಪ್ಪಿಗೆ ಅವಳದು.
ನಾನು ಅಲ್ಲೇ ನಿಂತಿದ್ದೆ,
ಒದ್ದೆ ಕೈ ಸೆರಗಿಗೆ ಒರೆಸುತ್ತ.

ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಕೊಡುತ್ತಾರೆ ಅಂತ ಕಾದೆ.
"ದೇವರದು ಮುಗೀತು" ಅಂದರು, ಶಿಲುಬೆ ಗುರುತು ಹಾಕಿ,
"ಎಳೆ ಮಾತ್ರ ಇನ್ನೂ ಇದೆ.
ಅವಳ ಮನೆ ಎಲ್ಲಿ?"

ಮಸೀದಿ ಹಿಂದಿನ ಓಣಿ, ಕೊಳಾಯಿ ದಾಟಿ ಮೂರನೆಯದು.
ದಾರಿಯುದ್ದಕ್ಕೂ ಒಂದು ಹೆಸರು ಹುಡುಕಿದೆ.
ಅಜ್ಜಿಯದು, ಪುಸ್ತಕದ್ದು, ಸ್ವಾಮಿಗಳದು,
ಯಾವುದೂ ಅವಳ ಹೊಸ್ತಿಲಿಗೆ ಒಪ್ಪಲಿಲ್ಲ.
ಮೆಹರಾಜ್ ಬೆಳ್ಳುಳ್ಳಿ ಬಿಡಿಸುತ್ತಿದ್ದಳು.
"ಅದು ನಾನು" ಅಂದೆ.

ತಲೆ ಎತ್ತಲಿಲ್ಲ. ಒಂದು ಎಸಳು ಬಿಡಿಸಿದಳು, ಇನ್ನೊಂದು.
"ಎಷ್ಟು ಗ್ರಾಂ ಇತ್ತು?"
"ನೂರಾ ಹತ್ತು."
"ನನ್ನ ಸಂಬಳದಲ್ಲಿ ಮುರಿದುಕೊಂಡದ್ದು ನೂರೈವತ್ತಕ್ಕೆ."

ಅಷ್ಟೇ. ಮಾಫ್ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.
ಮೊರವನ್ನು ಚೂರು ಈ ಕಡೆ ತಳ್ಳಿದಳು.
ಕೂತೆ.
ಬೆರಳಿಗೆ ಸಿಪ್ಪೆ ಅಂಟುತ್ತಿತ್ತು, ಸಂಜೆಯ ಬಾಂಗ್ ಆಯಿತು,
ಇಬ್ಬರೂ ಅದನ್ನೇ ಲೆಕ್ಕ ಹಾಕುತ್ತಿದ್ದೆವು:
ಉಳಿದ ಆ ನಲವತ್ತು ಗ್ರಾಂ
ಯಾರ ಬಾಯಲ್ಲಿದೆ.