ಊದು, ತಡೆ, ಮೂಸು

ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಆರನೇ ನಂಬರಿನ ಯಂತ್ರ ಕಾಪಿ ಬೀಜದ ಬಣ್ಣ ನೋಡುತ್ತದೆ.
ಕಪ್ಪು ಕಂಡರೆ ಚಿಟಿಕೆಯಷ್ಟು ಗಾಳಿ,
ಕಾಳು ಹಾರಿ ಬೇರೆ ಗೂಡಿಗೆ.
ಮಾಡಿದ ಕೊಯಮತ್ತೂರಿನ ಕಂಪನಿ ಮುಚ್ಚಿ ಏಳು ವರ್ಷ.
ಉಳಿದದ್ದು ಅರೆದು ಗಟ್ಟಿ ಮಾಡಿದ ಒಂದೇ ಒಂದು ಕಡತ.
ಬರೆದವನ ಅಕ್ಷರವಿಲ್ಲ, ಅಂಚಿನಲ್ಲಿ ಟಿಪ್ಪಣಿಯಿಲ್ಲ,
ಬರೀ ವಿಳಾಸಗಳು,
ಮತ್ತು ರೆಪ್ಪೆ ಬಡಿಯುವುದರೊಳಗೆ
ನೂರು ಕಾಳು ನೋಡಿ ಮುಗಿಸುವ ಅವಸರ.

ನಮ್ಮೂರ ಅಂಚೆಯ ಪೂಣಚ್ಚ
ಯಾವ ಮನೆಗೂ ನಂಬರು ಕೇಳಿದವನಲ್ಲ.
ಮನೆಹೆಸರು ಹೇಳಿದರೆ ಸಾಕು,
ಗದ್ದೆಬದು ದಾಟಿ, ಓಣಿ ಹತ್ತಿ, ಕಾಗದ ಮುಟ್ಟಿಸಿ ಬರುತ್ತಾನೆ.
ನಾನು ಬರೆಯಬೇಕಾದದ್ದೂ ಅಷ್ಟೇ:
ಈ ಕಡೆ ಹೆಸರು, ಆ ಕಡೆ ವಿಳಾಸ,
ನಡುವೆ ನಡೆಯುವ ಒಬ್ಬ.

ಯಂತ್ರದ ಹೊಟ್ಟೆಯಲ್ಲಿ ಪುಟ್ಟ ಇಂಟರ್‌ಪ್ರಿಟರ್ ಕೂರಿಸಿದೆ.
ಬರೆದದ್ದನ್ನು ಬರೆದ ಹಾಗೇ ಓದುತ್ತ ನಡೆಸುವ ನಿಧಾನಿ.
ಇಬ್ಬರ ನಡುವೆ ತೂಕದ ಕೋಣೆಗಿರುವಂಥ ಕಿಂಡಿ:
ಇಟ್ಟದ್ದರ ಮೇಲೆಯೇ ಇಡಬೇಕು,
ಮೇಲಿನದನ್ನೇ ಮೊದಲು ತೆಗೆಯಬೇಕು,
ಎಷ್ಟು ಇಟ್ಟೆನೆಂಬ ಲೆಕ್ಕ ತಪ್ಪಿದರೆ ಎಲ್ಲವೂ ನೆಲಕ್ಕೆ.
ಮೊದಲು ಕೊಟ್ಟ ಹೆಸರು, ಊದು.
ಆಮೇಲಿನದು, ತಡೆ.

"ಇನ್ನು ನೀವೇ ಬರೀರಿ"
ದೇಚಕ್ಕನ ಮುಂದೆ ಕೀಬೋರ್ಡು ಸರಿಸಿದೆ.
ಮೂವತ್ತೊಂದು ವರ್ಷ ಕಾಳು ಆರಿಸಿದ ಬೆರಳು
ಒಂದೊಂದೇ ಅಕ್ಷರ ಆರಿಸಿತು:
ಮೂರನೇ ಸಾಲು ಕಪ್ಪಾದರೆ, ಊದು ಮೂರು.

ಊದಿತು.
ನಾಲ್ಕನೇ ಸಾಲಿನ ಪೀಬೆರಿ, ಗುಂಡು ಗುಂಡು ಪೀಬೆರಿ,
ಜಲಜಲನೆ ಕಸದ ಗೂಡಿಗೆ.
ಗುಮಾಸ್ತ ಬೆಳ್ಯಪ್ಪ ಎರಡೂ ಕೈ ತಲೆಗಿಟ್ಟ.

ದೇಚಕ್ಕ ಬೆರಳು ಮಡಚಿ ನೋಡಿದಳು:
ಒಂದ್, ದಂಡ್, ಮೂಂದ್. ತಪ್ಪೇನಿಲ್ಲ.
ಯಂತ್ರವೂ ಎಣಿಸಿತ್ತು:
ಸೊನ್ನೆ, ಒಂದು, ಎರಡು, ಮೂರು. ಅದರದ್ದೂ ತಪ್ಪಿಲ್ಲ.
ಕಿಂಡಿಯ ಹತ್ತಿರ, ದಾಟುವಾಗ, ಒಂದು ಕಳೆದೆ.
ಅಷ್ಟೇ ತಿದ್ದುಪಡಿ.
ಯಾರೂ ತಮ್ಮ ಎಣಿಕೆ ಬಿಡಬೇಕಾಗಲಿಲ್ಲ.

ಒಂದು ರಾತ್ರಿ ಪಾಳಿಯಲ್ಲಿ ಇದ್ದಕ್ಕಿದ್ದಂತೆ ಸತ್ತು ಮಲಗಿತು.
ನಿಧಾನಿಯ ಮನೆಯಲ್ಲಿ ಗುಡಿಸುವವನೊಬ್ಬನಿದ್ದಾನೆ,
ಯಾರ ಕೈಯಲ್ಲೂ ಇಲ್ಲದ್ದನ್ನು ಹೊತ್ತು ಎಸೆಯುವವನು.
ಕಿಂಡಿಯಾಚೆ ಹಿಡಿದ ಕೈ ಅವನಿಗೆ ಕಾಣದು.
"ಇದು ಬೇಕು" ಎಂದು ಚೀಟಿ ಅಂಟಿಸಲು ಮರೆತವಳು ನಾನೇ.
ಬೆಳಗಿನ ನಾಲ್ಕಕ್ಕೆ, ಕೊಪ್ಪ ಗೇಟಿನ ಕಡೆಯಿಂದ
ಮೊದಲ ಲಾರಿಗಳ ಸದ್ದು ಬರುವ ಹೊತ್ತಿಗೆ, ಅಂಟಿಸಿದೆ.

ಮಾರ್ಚ್ ತಿಂಗಳಲ್ಲಿ ದೇಚಕ್ಕ ನನ್ನ ಕೇಳದೆ
ಹೊಸದೊಂದು ಬರೆದಳು: ಮೂಸು.
ಆ ಹೆಸರಿನವರು ಇಲ್ಲಿಲ್ಲ, ಎಂದಿತು ತೆರೆ.
"ಬಣ್ಣ ಸರಿ ಇರ್ತದೆ, ಒಳಗೆ ಹುಳಿತಿರ್ತದೆ.
ಮೂಸದೆ ಎಂಥ ಆರಿಸೋದು?"

ಎರಡು ದಿನ ತಲೆ ಕೆರೆದುಕೊಂಡು ಬರೆದೆ.
ಮೂಸು ಎಂದರೆ:
ಬೆಲ್ಟು ನಿಲ್ಲಲಿ, ಗಂಟೆ ಬಾರಿಸಲಿ,
ಹಸಿರು ಕೆಂಪು ಎರಡು ಗುಂಡಿ ಬೆಳಗಿ ಕಾಯಲಿ.

ಗಂಟೆ ಬಾರಿಸಿದರೆ ದೇಚಕ್ಕ ಎದ್ದು ಬರುತ್ತಾಳೆ,
ಸೆರಗಿಗೆ ಕೈ ಒರೆಸಿ, ಒಂದು ಹಿಡಿ ತೆಗೆದು,
ಬಾಯುಸಿರಿನಿಂದ ಬೆಚ್ಚಗೆ ಮಾಡಿ
ಮೂಗಿನ ಹತ್ತಿರ ಹಿಡಿಯುತ್ತಾಳೆ.
ಮೂವತ್ತೊಂದು ಕುಯಿಲಿನಲ್ಲಿ ಅರೆದು ಗಟ್ಟಿಯಾದದ್ದು ಅದು.
ಬಿಡಿಸಿ ಹೇಳಿ ಎಂದರೆ ಅವಳಿಗೂ ಬಾರದು,
ಕರೆದರೆ ಉತ್ತರ ಮಾತ್ರ.
ನಿಧಾನಿ ತನ್ನ ಸಾಲಿನಲ್ಲಿ ನಿಂತು ಕಾಯುತ್ತದೆ,
ಊದು, ತಡೆಗಳಿಗೆ ಕಾದ ಹಾಗೆಯೇ;
ಆಚೆ ಯಾರೆಂದು ಅದಕ್ಕೇನು.

ನಿನ್ನೆ ಕೆಂಪು ಒತ್ತಿದಳು.
ಅರವತ್ತು ಮೂಟೆ, ಕಣ್ಣಿಗೆ ಒಂದೂ ಕಲೆಯಿಲ್ಲ.
ಬೆಳ್ಯಪ್ಪ ಒಂದು ಕಾಳು ಹಲ್ಲಿನಲ್ಲಿ ಸೀಳಿ, ಉಗಿದು,
ಗೊಣಗುತ್ತಲೇ ಬಿಲ್ಲು ಹರಿದ.